ಕಾದಿಟ್ಟ ಬಿಸಿ, ಕೂಡಿಟ್ಟ ತಂಪು



ಗಮನಕ್ಕೂ ಬಂಡವಾಳಕ್ಕೂ ಅರ್ಹವಾಗಿದ್ದೂ ಹಿಂದೆ ಉಳಿದ ಹೊಸ ತಂತ್ರಜ್ಞಾನಗಳ ಬಗ್ಗೆ ಮಾತಾಡಬೇಕೆಂದು ಹೇಳಿಕಳಿಸಿದಾಗ ಮೊದಲು ಒಂದು ಪಟ್ಟಿ ಬರೆಯತೊಡಗಿದೆ. ಅರ್ಧ ಪುಟ ಆಗುವಷ್ಟರಲ್ಲಿ ಅದನ್ನು ಮಡಿಚಿಟ್ಟೆ. ಹತ್ತು ಸಂಗತಿಗಳನ್ನು ಮುಟ್ಟಿ ಓಡುವುದಕ್ಕಿಂತ ಒಂದರ ಹತ್ತಿರ ಕೂತು ಮಾತಾಡುವುದು ಮೇಲು ಅನ್ನಿಸಿತು. ನಾನು ಆರಿಸಿಕೊಂಡದ್ದು ಶಾಖವನ್ನು ಶಾಖವಾಗಿಯೇ, ತಂಪನ್ನು ತಂಪಾಗಿಯೇ ಕೂಡಿಡುವ ವಿದ್ಯೆ.

ನಾನು ಬೆಳೆದ ಮಲೆನಾಡಿನ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಒಲೆಯ ಕಟ್ಟೆಯಲ್ಲಿ ಕುತ್ತಿಗೆಯವರೆಗೆ ಹೂತು ಕೂರಿಸಿ ಸುತ್ತಲೂ ಮಣ್ಣು ಮೆತ್ತಿದ್ದರು. ಸಂಜೆ ಅಡಿಕೆಸಿಪ್ಪೆ, ತೆಂಗಿನ ಮಟ್ಟೆ, ಒದ್ದೆಯಾದ ಕುಂಟೆ, ಏನು ಸಿಕ್ಕರೆ ಅದನ್ನು ಒಟ್ಟಿ ಉರಿ ಹಾಕುತ್ತಿದ್ದರು. ಎಲ್ಲರ ಸ್ನಾನ ಮುಗಿದ ಮೇಲೆ ಅಜ್ಜಿ ಹಂಡೆಯನ್ನು ಮತ್ತೆ ತುಂಬಿಸಿ, ಕೆಂಡದ ಮೇಲೆ ಬೂದಿ ಎಳೆದು, ಹಂಡೆಯ ಬಾಯಿಗೆ ಹಲಗೆ ಮುಚ್ಚಿ ಮಲಗುತ್ತಿದ್ದರು. ಬೆಳಗಿನ ಐದಕ್ಕೆ ಅಜ್ಜ ಎದ್ದಾಗ ನೀರು ಮೈಗೆ ಹದವಾಗಿ ಇರುತ್ತಿತ್ತು. ಆ ಹೊತ್ತಿನಲ್ಲಿ ಯಾರೂ ಬೆಂಕಿ ಹಚ್ಚಿರಲಿಲ್ಲ. ನಾನು ಇವತ್ತು ಹೇಳಬೇಕಾದ ತಂತ್ರಜ್ಞಾನದ ಮೂರೂ ಅಂಗಗಳು ಅಲ್ಲಿದ್ದವು: ಬಿಸಿಯನ್ನು ಹಿಡಿದುಕೊಳ್ಳುವ ಅಗ್ಗದ ವಸ್ತು, ಅದು ಸೋರದಂತೆ ತಡೆಯುವ ಹೊದಿಕೆ, ಸಾಕಷ್ಟು ದೊಡ್ಡ ಗಾತ್ರ.

ಶಕ್ತಿಯ ಶೇಖರಣೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಲಿಥಿಯಂ ಬ್ಯಾಟರಿ. ನಾನು ಬ್ಯಾಟರಿಯ ವಿರೋಧಿ ಅಲ್ಲ; ವಾಹನಕ್ಕೆ, ಫೋನಿಗೆ, ದೀಪಕ್ಕೆ ಅದಕ್ಕಿಂತ ಒಳ್ಳೆಯದು ಸದ್ಯಕ್ಕಿಲ್ಲ. ಆದರೆ ಜಗತ್ತಿನಲ್ಲಿ ಜನ ಕೊನೆಗೆ ಬಳಸುವ ಶಕ್ತಿಯಲ್ಲಿ ಸರಿಸುಮಾರು ಅರ್ಧ ಬೇಕಾಗುವುದು ಶಾಖದ ರೂಪದಲ್ಲಿ. ಬೇಯಿಸಲು, ಒಣಗಿಸಲು, ಬಣ್ಣ ಹಾಕಲು, ಆವಿ ಮಾಡಲು, ಕರಗಿಸಲು, ಚಳಿದೇಶಗಳಲ್ಲಿ ಮನೆ ಬೆಚ್ಚಗಿಡಲು. ವಿದ್ಯುತ್ತಿನ ಪಾಲು ಐದರಲ್ಲೊಂದು. ಆ ಅರ್ಧದ ಬಹುಪಾಲನ್ನು ಇವತ್ತಿಗೂ ಕಲ್ಲಿದ್ದಲು, ಎಣ್ಣೆ, ಅನಿಲ, ಸೌದೆ ಸುಟ್ಟೇ ಪಡೆಯುತ್ತಿದ್ದೇವೆ. ಬಿಸಿಲು ಇದ್ದಾಗ ಸಿಗುವ ಅಗ್ಗದ ವಿದ್ಯುತ್ತನ್ನು ದುಬಾರಿ ಬ್ಯಾಟರಿಗೆ ತುಂಬಿಸಿ, ರಾತ್ರಿ ಹೊರತೆಗೆದು, ಕೊನೆಗೆ ಒಂದು ಕಾಯಿಲಿಗೆ ಕೊಟ್ಟು ನೀರು ಕಾಯಿಸುವುದು ಸುತ್ತುದಾರಿ. ಹಗಲಲ್ಲೇ ನೀರು ಕಾಯಿಸಿಟ್ಟುಕೊಂಡರೆ ಆಯಿತು.

ಲೆಕ್ಕ ಸಣ್ಣದು, ಇಲ್ಲೇ ಮಾಡಿಬಿಡೋಣ. ಬೆಂಗಳೂರಿನ ಮಾಳಿಗೆಗಳ ಮೇಲೆ ಕಾಣುವ ಸೋಲಾರ್ ಹೀಟರಿನ ತೊಟ್ಟಿ 200 ಲೀಟರಿನದು ಎಂದಿಟ್ಟುಕೊಳ್ಳಿ. ಅದರ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಒಳಗೆ ಸೇರುವ ಶಾಖ 8 ಯೂನಿಟ್ಟಿಗೆ ಸ್ವಲ್ಪ ಹೆಚ್ಚು. ಕರೆಂಟು ಹೋದಾಗ ಬಳಸಲು ಮನೆಯಲ್ಲಿ ಇಡುವ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ತುಂಬಿದಾಗ ಹಿಡಿಯುವುದು 1.8 ಯೂನಿಟ್. ಅಂದರೆ ಆ ತೊಟ್ಟಿ ಅಂಥ ನಾಲ್ಕೂವರೆ ಬ್ಯಾಟರಿಗಳಷ್ಟನ್ನು ಹೊತ್ತು ಕೂತಿದೆ. ಅದರೊಳಗಿರುವುದು ಬರಿಯ ನೀರು, ಸುತ್ತ ಮೂರ್ನಾಲ್ಕು ಅಂಗುಲದ ಹೊದಿಕೆ. ಬೆಂಗಳೂರು ಸೋಲಾರ್ ಹೀಟರುಗಳ ಊರಾದದ್ದಕ್ಕೆ ದೊಡ್ಡ ಸಂಶೋಧನೆಯೇನೂ ಕಾರಣವಲ್ಲ. ಹೊಸ ಮನೆಗಳಿಗೆ ಹೀಟರ್ ಕಡ್ಡಾಯ ಎಂದ ಒಂದು ನಿಯಮ, ವಿದ್ಯುತ್ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿ ಮೀರದ ಒಂದು ರಿಯಾಯಿತಿ, ಎರಡೇ ಅಷ್ಟು ಕೆಲಸ ಮಾಡಿದವು. ಇಡೀ ನಗರ ತನ್ನ ತಲೆಯ ಮೇಲೆ ಇಷ್ಟು ದೊಡ್ಡ ಶಕ್ತಿ ಭಂಡಾರ ಕಟ್ಟಿಕೊಂಡಿದೆ. ಶೇಖರಣೆಯ ಚರ್ಚೆಗಳಲ್ಲಿ ಮಾತ್ರ ಅದರ ಹೆಸರು ಬರುವುದಿಲ್ಲ.

ಇನ್ನು ಗಾತ್ರದ ವಿಷಯ. ನನಗೆ ಈ ವಿದ್ಯೆಯ ತಿರುಳೇ ಇದು. ಚೊಂಬಿನ ಬಿಸಿನೀರು ಅರ್ಧ ಗಂಟೆಯಲ್ಲಿ ಆರುತ್ತದೆ, ಹಂಡೆಯದು ರಾತ್ರಿಯಿಡೀ ಉಳಿಯುತ್ತದೆ. ಬಿಸಿ ಕೂಡಿರುವುದು ಪಾತ್ರೆಯ ಒಡಲಲ್ಲಿ, ಸೋರುವುದು ಮೈಯಿಂದ. ಪಾತ್ರೆಯನ್ನು ಎಲ್ಲ ದಿಕ್ಕಿಗೂ ಎರಡು ಪಟ್ಟು ಹಿಗ್ಗಿಸಿದರೆ ಮೈ ನಾಲ್ಕು ಪಟ್ಟು, ಒಡಲು ಎಂಟು ಪಟ್ಟು ಆಗುತ್ತದೆ. ಆರುವುದಕ್ಕೆ ಎರಡರಷ್ಟು ಹೊತ್ತು ಬೇಕು. ಹತ್ತು ಪಟ್ಟು ಹಿಗ್ಗಿಸಿದರೆ ಹತ್ತರಷ್ಟು. ಹೀಗೆ ಹಿಗ್ಗಿಸುತ್ತ ಹೋದರೆ ರಾತ್ರಿಯಿಂದ ಬೆಳಗಿನವರೆಗೆ ಉಳಿಯುವ ಬಿಸಿ ಬೇಸಗೆಯಿಂದ ಚಳಿಗಾಲದವರೆಗೆ ಉಳಿಯುವ ಬಿಸಿಯಾಗುತ್ತದೆ. ಡೆನ್ಮಾರ್ಕಿನ ವೊಯೆನ್ಸ್ ಎಂಬ ಸಣ್ಣ ಊರಿನಲ್ಲಿ 2 ಲಕ್ಷ ಘನ ಮೀಟರ್ ನೀರು ಹಿಡಿಯುವ ಹೊಂಡ ತೋಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ತೇಲುವ ಮುಚ್ಚಳ ಹೊದಿಸಿದ್ದಾರೆ. ನಮ್ಮ ಕೃಷಿ ಹೊಂಡದ ದೊಡ್ಡಣ್ಣ ಅನ್ನಬಹುದು. ಬೇಸಗೆಯ ಬಿಸಿಲಿನಲ್ಲಿ ಕಾದ ನೀರು ಅಲ್ಲಿ ಕೂಡುತ್ತದೆ, ಹಿಮ ಬೀಳುವ ತಿಂಗಳುಗಳಲ್ಲಿ ಕೊಳವೆಗಳ ಮೂಲಕ ಮನೆ ಮನೆಗೆ ಹೋಗುತ್ತದೆ.

ನೀರು ಕುದಿಯುವ ಮಟ್ಟಕ್ಕಿಂತ ಮೇಲೆ ಹೋಗಬೇಕಾದರೆ ಮರಳು, ಕಲ್ಲು, ಇಟ್ಟಿಗೆ ಬೇಕು. ಫಿನ್‌ಲ್ಯಾಂಡಿನ ಪೋಲಾರ್ ನೈಟ್ ಎನರ್ಜಿ ಎಂಬ ಕಂಪನಿ 2022ರಲ್ಲಿ ಕಂಕಾನ್‌ಪಾ ಎಂಬ ಊರಿನಲ್ಲಿ ಉಕ್ಕಿನ ಒಂದು ಕಣಜ ನಿಲ್ಲಿಸಿತು. 4 ಮೀಟರ್ ಅಗಲ, 7 ಮೀಟರ್ ಎತ್ತರ. ಒಳಗೆ 100 ಟನ್ ಮರಳು. ವಿದ್ಯುತ್ ಅಗ್ಗವಾಗಿರುವ ಹೊತ್ತಿನಲ್ಲಿ ಬಿಸಿಗಾಳಿ ಹಾಯಿಸಿ ಮರಳನ್ನು 500 ಡಿಗ್ರಿ ದಾಟಿಸುತ್ತಾರೆ, ಬೇಕಾದಾಗ ಅದೇ ಗಾಳಿಯಿಂದ ಬಿಸಿಯನ್ನು ಹಿಂದಕ್ಕೆ ಪಡೆಯುತ್ತಾರೆ. ಅದು ಹಿಡಿಯುವುದು 8000 ಯೂನಿಟ್. 2025ರಲ್ಲಿ ಪೊರ್ನಾಯ್ನೆನ್ ಎಂಬ ಊರಿಗೆ ಅದರ ಹನ್ನೆರಡು ಪಟ್ಟಿಗಿಂತ ದೊಡ್ಡದು ಬಂತು, ಅದು ಒಂದು ಲಕ್ಷ ಯೂನಿಟ್ಟಿನದು. ಅದರೊಳಗೆ ತುಂಬಿದ್ದು 2000 ಟನ್ ಬಳಪದ ಕಲ್ಲಿನ ಪುಡಿ. ಅಗ್ಗಿಷ್ಟಿಕೆಗಳನ್ನು ಮಾಡುವ ಆ ದೇಶದ ಕಾರ್ಖಾನೆಯೊಂದರಲ್ಲಿ ಕಲ್ಲು ಕೊಯ್ದಾಗ ಉಳಿಯುವ ಚೂರು ಅದು. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಬೇಲೂರು, ಹಳೇಬೀಡನ್ನು ನೆನೆಯುತ್ತ ಕೂತೆ. ಹೊಯ್ಸಳರ ಶಿಲ್ಪಿಗಳು ಕೆತ್ತಿದ್ದು ಇದೇ ಜಾತಿಯ ಕಲ್ಲನ್ನು. ಮೆತ್ತಗೆ ಕೆತ್ತಿಸಿಕೊಳ್ಳುವ ಈ ಕಲ್ಲು ಬೆಂಕಿಗೆ ಬಿರಿಯುವುದಿಲ್ಲ, ಹೀರಿದ ಬಿಸಿಯನ್ನು ನಿಧಾನವಾಗಿ ಬಿಡುತ್ತದೆ. ನಮ್ಮ ಅಡುಗೆಮನೆಯ ಕಲ್ಲಿನ ಮರಿಗೆಯಲ್ಲಿ ಹುಳಿ ಒಲೆಯಿಂದ ಇಳಿಸಿದ ಮೇಲೂ ಕುದಿಯುತ್ತಿರುವುದು ಇದೇ ಗುಣದಿಂದ.

ಇಟ್ಟಿಗೆಯದು ಇನ್ನೂ ಹಳೆಯ ಕಥೆ. ಎಡ್ವರ್ಡ್ ಆಲ್ಫ್ರೆಡ್ ಕೌಪರ್ ಎಂಬ ಇಂಗ್ಲಿಷ್ ಎಂಜಿನಿಯರ್ 1857ರಲ್ಲಿ ಊದುಕುಲುಮೆಗೆ ಬಿಸಿಗಾಳಿ ಕೊಡುವ ಒಲೆಯೊಂದಕ್ಕೆ ಪೇಟೆಂಟ್ ಪಡೆದ. ಕುಲುಮೆಯಿಂದ ಹೊರಬರುವ ಅನಿಲವನ್ನು ಉರಿಸಿ ಇಟ್ಟಿಗೆ ಜೋಡಿಸಿದ ಗೋಪುರವನ್ನು ಕೆಂಪಗೆ ಕಾಯಿಸುವುದು, ಬಳಿಕ ಅದರೊಳಗೆ ತಣ್ಣನೆಯ ಗಾಳಿ ಹಾಯಿಸಿ ಆ ಬಿಸಿಯನ್ನು ತೆಗೆದುಕೊಳ್ಳುವುದು. ಒಂದು ಗೋಪುರ ಬಿಸಿ ಕೊಡುತ್ತಿರುವಾಗ ಇನ್ನೊಂದು ಕಾಯುತ್ತಿರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋದವರು ಕುಲುಮೆಗಳ ಪಕ್ಕದಲ್ಲಿ ಈ ಎತ್ತರದ ಗುಮ್ಮಟದ ಕಂಬಗಳನ್ನು ನೋಡಿರುತ್ತಾರೆ. ಒಂದೂವರೆ ಶತಮಾನದಿಂದ ಹಗಲಿರುಳು ನಡೆದು ಬಂದ ವಿಧಾನ ಇದು. ಕ್ಯಾಲಿಫೋರ್ನಿಯದ ರೊಂಡೊ ಎನರ್ಜಿ ಈಗ ಮಾಡುತ್ತಿರುವುದು ಅನಿಲದ ಬದಲು ವಿದ್ಯುತ್ತಿನಿಂದ ಇಂಥ ಇಟ್ಟಿಗೆಗಳನ್ನು ಕಾಯಿಸಿ ಕಾರ್ಖಾನೆಗಳಿಗೆ ಆವಿ ಕೊಡುವ ಕೆಲಸ. ಹೊಸದು ಇಟ್ಟಿಗೆಯಲ್ಲ, ಹಗಲಿನ ವಿದ್ಯುತ್ತು ಅಗ್ಗವಾಗಿರುವುದು ಹೊಸದು.

ಭಾರತದಲ್ಲೂ ಒಂದು ದೊಡ್ಡ ಪ್ರಯತ್ನ ನಡೆದಿದೆ. ರಾಜಸ್ಥಾನದ ಅಬು ರೋಡಿನಲ್ಲಿ ಬ್ರಹ್ಮಾಕುಮಾರಿ ಸಂಸ್ಥೆಯವರು ತಲಾ 60 ಚದರ ಮೀಟರಿನ 770 ಕನ್ನಡಿಗಳನ್ನು ನಿಲ್ಲಿಸಿದ್ದಾರೆ. ಪ್ರತಿ ಕನ್ನಡಿಯೂ ಬಿಸಿಲನ್ನು ಎರಕದ ಕಬ್ಬಿಣದ ಒಂದು ಗುಂಡಿಗೆಗೆ ಎಸೆಯುತ್ತದೆ. ಹಗಲಲ್ಲಿ ಕಾದ ಕಬ್ಬಿಣದಿಂದ ಸೂರ್ಯ ಮುಳುಗಿದ ಮೇಲೂ ಆವಿ ಸಿಗುತ್ತದೆ.

ಈಗ ತಂಪಿಗೆ ಬರೋಣ. ಇದು ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರದ ಮಾತು.

ಹಸುವಿನ ಕೆಚ್ಚಲಿನಿಂದ ಬರುವಾಗ ಹಾಲು ಹೆಚ್ಚುಕಡಿಮೆ ಅದರ ಮೈಯಷ್ಟೇ ಬಿಸಿ ಇರುತ್ತದೆ. ಅದನ್ನು ಬೇಗ 4-5 ಡಿಗ್ರಿಗೆ ಇಳಿಸದಿದ್ದರೆ ಸೂಕ್ಷ್ಮಜೀವಿಗಳು ಗಂಟೆಗಂಟೆಗೂ ಹೆಚ್ಚುತ್ತವೆ. ಬೆಳಿಗ್ಗೆ ಆರರಿಂದ ಎಂಟರವರೆಗೆ, ಸಂಜೆ ಮತ್ತೆ ಅಷ್ಟೇ ಹೊತ್ತು, ಊರಿನ ಹಾಲೆಲ್ಲ ಒಟ್ಟಿಗೆ ಡೇರಿಗೆ ಬರುತ್ತದೆ. ಅದೇ ಹೊತ್ತಿಗೆ ಕರೆಂಟು ಕೈಕೊಟ್ಟರೆ ಡೀಸೆಲ್ ಜನರೇಟರು, ಡೀಸೆಲ್ ಮುಗಿದಿದ್ದರೆ ಸೆಕ್ರೆಟರಿಯವರ ಮುಖದ ಬೆವರು. ಒಡೆದ ಹಾಲು ವಾಪಸು ಬಂದ ದಿನ ಆ ಕ್ಯಾನುಗಳ ಸುತ್ತ ನಿಂತ ಹೆಂಗಸರನ್ನು ನಾನು ನೋಡಿದ್ದೇನೆ. ಯಾರೂ ಮಾತಾಡುತ್ತಿರಲಿಲ್ಲ. ವಾರದ ಬಟವಾಡೆಯಲ್ಲಿ ಎಷ್ಟು ಕಡಿಮೆಯಾಗುತ್ತದೆಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಎಣಿಸುತ್ತಿದ್ದರು.

ಸಾವಿರ ಲೀಟರ್ ಹಾಲನ್ನು 35 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಎಷ್ಟು ಮಂಜುಗಡ್ಡೆ ಕರಗಬೇಕು? ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖ, ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು. ಶಾಲೆಯಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದು. ಆ ಲೆಕ್ಕದಲ್ಲಿ ಸುಮಾರು 360 ಕಿಲೋ ಸಾಕು. ಇಷ್ಟು ಮಂಜುಗಡ್ಡೆ ಮಾಡಲು ಒಳ್ಳೆಯ ಯಂತ್ರಕ್ಕೆ ಹನ್ನೆರಡರಿಂದ ಹದಿನೈದು ಯೂನಿಟ್ ವಿದ್ಯುತ್ ಬೇಕು. ಮಧ್ಯಾಹ್ನ ಬಿಸಿಲಿರುವಾಗ, ಕರೆಂಟು ಇದ್ದಾಗ, ಆತುರವಿಲ್ಲದೆ ಸಣ್ಣ ಯಂತ್ರವೊಂದು ಅದನ್ನು ಮಾಡಿಟ್ಟಿರಬಹುದು. ಹಾಲು ಬಂದಾಗ ಕರೆಂಟು ಇರಲಿ ಬಿಡಲಿ, ಕೂಡಿಟ್ಟ ತಂಪು ಸಿದ್ಧವಾಗಿರುತ್ತದೆ. ಇದು ಬರಿಯ ಕಲ್ಪನೆಯಲ್ಲ. 2007ರಲ್ಲಿ ಸೋರಿನ್ ಗ್ರಾಮ ಮತ್ತು ಸ್ಯಾಮ್ ವೈಟ್ ಎಂಬ ಇಬ್ಬರು ಕಟ್ಟಿದ ಪ್ರೊಮೀಥಿಯನ್ ಪವರ್ ಸಿಸ್ಟಮ್ಸ್ ಇಂಥ ಶೀತಕಗಳನ್ನು ಭಾರತದ ಹಳ್ಳಿಗಳ ಹಾಲಿಗಾಗಿಯೇ ರೂಪಿಸಿತು. ಪುಣೆಯ ಇಕೋಝೆನ್ ತರಕಾರಿ ಇಡುವ ಸೌರ ಶೀತಕೋಣೆಗಳಲ್ಲಿ ಇದೇ ತತ್ವ ಬಳಸುತ್ತದೆ. ಕರ್ನಾಟಕದ ಹಾಲು ಮಹಾಮಂಡಲ 2024ರಲ್ಲಿ ದಿನಕ್ಕೆ 1 ಕೋಟಿ ಲೀಟರ್ ಹಾಲು ಸಂಗ್ರಹ ದಾಟಿತು. ಅಷ್ಟೂ ಹಾಲು ದಿನಕ್ಕೆರಡು ಸಲ ತಣ್ಣಗಾಗಲೇಬೇಕಾದ ನಾಡಿನಲ್ಲಿ ತಂಪಿನ ಕಣಜ ಕಟ್ಟುವ ಕೆಲಸ ಒಂದು ದೊಡ್ಡ ಉದ್ಯಮವೇ ಆಗಬೇಕಿತ್ತು.

ಇನ್ನೊಂದು ಜಾಗ ಶಿಡ್ಲಘಟ್ಟ, ರಾಮನಗರದ ನೂಲು ಬಿಚ್ಚುವ ಮನೆಗಳು. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಅಂಟು ಸಡಿಲಿಸದೆ ಎಳೆ ಬಿಚ್ಚಿಕೊಳ್ಳುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಲೆ ಉರಿಯುತ್ತಲೇ ಇರಬೇಕು. ಅಲ್ಲಿಯ ಹೊಗೆ, ಹುಳುವಿನ ವಾಸನೆ, ಬಿಸಿನೀರಿನಲ್ಲಿ ಬಿಳಿಚಿದ ಬೆರಳುಗಳು ನೋಡಿದವರಿಗೆ ಮರೆಯುವಂಥವಲ್ಲ. ಶಕ್ತಿ ಸಂಶೋಧನೆಯ ಟೆರಿ ಸಂಸ್ಥೆಯವರು 1990ರ ದಶಕದಲ್ಲಿ ಇಲ್ಲಿಗೆ ಸೌದೆಯ ಅನಿಲಜನಕ ಒಲೆಗಳನ್ನು ತಂದು ಸೌದೆ ಉಳಿಸುವ ಒಳ್ಳೆಯ ಕೆಲಸ ಮಾಡಿದರು. ಅದರ ಮುಂದಿನ ಹೆಜ್ಜೆಯಾಗಿ ನಾನು ಹೇಳುವುದು ಇಷ್ಟು: ಸಾವಿರ ಲೀಟರ್ ನೀರನ್ನು 25ರಿಂದ 85 ಡಿಗ್ರಿಗೆ ಏರಿಸಲು ಬೇಕಾದ ಶಾಖ 70 ಯೂನಿಟ್. ಐದರಲ್ಲೊಂದು ಪಾಲು ಬಿಸಿಯಷ್ಟೇ ನೀರಿಗೆ ಮುಟ್ಟಿಸುವ ಒಲೆಯಲ್ಲಾದರೆ ಅದಕ್ಕೆ 80 ಕಿಲೋದಷ್ಟು ಒಣಸೌದೆ ಬೇಕು. ಹೀಟ್ ಪಂಪ್ ಆದರೆ ಸುತ್ತಲಿನ ಗಾಳಿಯ ಬಿಸಿಯನ್ನೂ ಎಳೆದುಕೊಂಡು ಇದೇ ಕೆಲಸವನ್ನು 25-30 ಯೂನಿಟ್ ವಿದ್ಯುತ್ತಿನಲ್ಲಿ ಮುಗಿಸುತ್ತದೆ. ಹಿಂದಿನ ಮಧ್ಯಾಹ್ನ ಕಾಯಿಸಿ, ಚೆನ್ನಾಗಿ ಹೊದಿಸಿದ ತೊಟ್ಟಿಯಲ್ಲಿ ಇಟ್ಟರೆ ಮರುಬೆಳಿಗ್ಗೆ ಒಲೆ ಹಚ್ಚದೆ ಕೆಲಸ ಶುರು ಮಾಡಬಹುದು. ಕೊನೆಯ ಹತ್ತು ಡಿಗ್ರಿಗೆ ಸ್ವಲ್ಪ ಉರಿ ಬೇಕಾದೀತು, ಬೇಕಾಗಲಿ. ಒಲೆಯ ಮುಂದಿನ ಆರು ತಾಸು ಉಳಿದರೆ ಅದು ಒಬ್ಬ ತಾಯಿಯ ಶ್ವಾಸಕೋಶಕ್ಕೆ ಉಳಿದ ಆರು ತಾಸು.

ಈ ವಿದ್ಯೆಯ ಮಿತಿಗಳನ್ನು ಮುಚ್ಚಿಟ್ಟು ಮಾತಾಡಿದರೆ ನಿಮಗೆ ಅನ್ಯಾಯ ಮಾಡಿದಂತೆ. ಶಾಖ ದೂರ ಪ್ರಯಾಣ ಮಾಡುವುದಿಲ್ಲ, ಕೂಡಿಟ್ಟಲ್ಲೇ ಅಥವಾ ಕೆಲವೇ ಕಿಲೋಮೀಟರ್ ಒಳಗೆ ಬಳಸಬೇಕು. ಅದನ್ನು ಮತ್ತೆ ವಿದ್ಯುತ್ತಾಗಿಸಲು ಹೋದರೆ ಮೂರರಲ್ಲಿ ಎರಡು ಪಾಲಿನಷ್ಟು ಕಳೆದುಕೊಳ್ಳುತ್ತೇವೆ. ಇನ್ನು ಹೊದಿಕೆ. ಇದರ ಪಾಠ ನನಗೆ ಸ್ವಂತ ಸೋಲಿನಿಂದ ಸಿಕ್ಕಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಘಟ್ಟದ ಮೇಲಿನ ಒಂದು ವಿದ್ಯಾರ್ಥಿನಿಲಯಕ್ಕೆ 2000 ಲೀಟರಿನ ಬಿಸಿನೀರಿನ ತೊಟ್ಟಿಯನ್ನು ನಾವೇ ನಿಂತು ಮಾಡಿಸಿದೆವು. ಬೇಸಗೆಯಲ್ಲಿ ಅಚ್ಚುಕಟ್ಟಾಗಿ ನಡೆಯಿತು. ಜೂನಿನಲ್ಲಿ ತಗಡಿನ ಒಂದು ಬೆಸುಗೆಯ ಸಂದಿನಿಂದ ಮಳೆನೀರು ಒಳಗಿನ ಗಾಜಿನ ಉಣ್ಣೆಗೆ ಇಳಿಯಿತು. ಒದ್ದೆ ಕಂಬಳಿ ಹೊದ್ದವನಿಗೆ ಚಳಿ ತಡೆಯುತ್ತದೆಯೆ? ಆಗಸ್ಟಿನ ಬೆಳಗುಗಳಲ್ಲಿ ಮಕ್ಕಳು ತಣ್ಣೀರಲ್ಲಿ ಸ್ನಾನ ಮಾಡಿದರು. ನಮಗೆ ವಿಷಯ ಗೊತ್ತಾದದ್ದು ಸೆಪ್ಟೆಂಬರಿನಲ್ಲಿ. ನಾವು ತೊಟ್ಟಿಗೆ ಖರ್ಚು ಮಾಡಿದ್ದೆವು, ವರ್ಷಕ್ಕೊಮ್ಮೆ ಹತ್ತಿ ನೋಡುವ ಒಬ್ಬ ಕುಶಲಕರ್ಮಿಗೆ ಖರ್ಚು ಮಾಡಿರಲಿಲ್ಲ.

ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ಕೆನಡಾದಲ್ಲಿ ನಡೆದಿದೆ. ಆಲ್ಬರ್ಟ ಪ್ರಾಂತ್ಯದ ಒಕೊಟೊಕ್ಸ್ ಎಂಬ ಪಟ್ಟಣದಲ್ಲಿ 52 ಮನೆಗಳ ಡ್ರೇಕ್ ಲ್ಯಾಂಡಿಂಗ್ ಬಡಾವಣೆ 2007ರಲ್ಲಿ ಸಿದ್ಧವಾಯಿತು. ಕಾರ್‌ಶೆಡ್ಡುಗಳ ಮಾಡಿನ ಮೇಲೆ ಬಿಸಿಲು ಹಿಡಿಯುವ ಫಲಕಗಳು. ನೆಲದಲ್ಲಿ 144 ಕೊಳವೆಬಾವಿಗಳು, ಒಂದೊಂದೂ ಸುಮಾರು 35 ಮೀಟರ್ ಆಳ. ಬೇಸಗೆಯೆಲ್ಲ ನೆಲವನ್ನೇ ಕಾಯಿಸುವುದು, ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಚಳಿಯಲ್ಲಿ ಆ ಬಿಸಿಯನ್ನು ಹೊರತೆಗೆಯುವುದು. 2015-16ರ ಚಳಿಗಾಲದಲ್ಲಿ ಆ ಮನೆಗಳು ಪೂರ್ತಿಯಾಗಿ, ನೂರಕ್ಕೆ ನೂರು, ಬೇಸಗೆಯ ಬಿಸಿಲಿನಿಂದಲೇ ಬೆಚ್ಚಗಿದ್ದವು. ಇಷ್ಟಾದರೂ 2024ರಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಮನೆಗಳು ಅನಿಲದ ಕುಲುಮೆಗೆ ಮರಳಿದವು. ನೆಲ ಬಿಸಿ ಹಿಡಿಯುವುದನ್ನು ಬಿಟ್ಟಿರಲಿಲ್ಲ. ಉಪಕರಣಗಳು ಹಳತಾಗಿದ್ದವು, ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಅಂಥ ಬಡಾವಣೆಗಳು ಐನೂರು ಇದ್ದಿದ್ದರೆ ಬಿಡಿಭಾಗ ಮಾಡುವವನು ಇರುತ್ತಿದ್ದ, ರಿಪೇರಿ ಕಲಿತ ಹುಡುಗರು ಇರುತ್ತಿದ್ದರು. ಒಂದೇ ಇತ್ತು. ಬಂಡವಾಳ ಬೇಕು ಎಂದು ನಾನು ಹೇಳುವಾಗ ಕೇಳುತ್ತಿರುವುದು ಇನ್ನೊಂದು ಪ್ರಾತ್ಯಕ್ಷಿಕೆಗೆ ಅಲ್ಲ, ಎರಡನೆಯದಕ್ಕೆ, ಹತ್ತನೆಯದಕ್ಕೆ, ನೂರನೆಯದಕ್ಕೆ.

ಬ್ಯಾಟರಿ ಕೋಶಗಳ ತಯಾರಿಕೆಗೆ ಕೇಂದ್ರ ಸರ್ಕಾರ 2021ರಲ್ಲಿ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಪ್ರಕಟಿಸಿತು. ಇಟ್ಟಿಗೆ, ಮರಳು, ಮಂಜುಗಡ್ಡೆಯ ಭಂಡಾರಗಳು ಅದರ ಹೊರಗೆ ಉಳಿದವು. ಅದರ ನೂರರಲ್ಲೊಂದು ಪಾಲು ಸಿಕ್ಕರೂ ನಮ್ಮ ಡೇರಿಗಳ, ನೂಲಿನ ಮನೆಗಳ, ಹಾಸ್ಟೆಲು-ಆಸ್ಪತ್ರೆ-ಛತ್ರಗಳ ಚಿತ್ರ ಬದಲಾಗುತ್ತದೆ. ನಿಯಮಗಳು ಆಗಲೇ ದಾರಿ ತೆರೆದಿವೆ: 2023ರ ವಿದ್ಯುತ್ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮದ ಪ್ರಕಾರ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ ಇರಬೇಕು. ಮಧ್ಯಾಹ್ನದ ಆ ಅಗ್ಗದ ಯೂನಿಟ್ಟುಗಳನ್ನು ಹಿಡಿದಿಡಲು ನಮ್ಮ ಬಳಿ ಪಾತ್ರೆ ಇರಬೇಕಷ್ಟೆ.

ಪಾತ್ರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಾಡುಗಳು ಕಾಣುತ್ತಿವೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿರುವುದು ವಿದ್ಯುತ್ತನ್ನು ಕೂಡಿಡುವ ಅಗತ್ಯದಿಂದಲೇ. ಅದು ಬರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಶಾಖದ ಕಣಜಗಳು ಆ ಯೋಜನೆಯ ಕೆಲಸವನ್ನೆಲ್ಲ ಮಾಡಬಲ್ಲವು ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ಸಂಜೆಯ ಬೇಡಿಕೆಯಲ್ಲಿ ಗೀಸರು ಎಷ್ಟು, ಶೀತಕೋಣೆ ಎಷ್ಟು, ಹವಾನಿಯಂತ್ರಣ ಎಷ್ಟು ಎಂದು ಬಿಡಿಸಿ ನೋಡಿ, ಅವುಗಳಲ್ಲಿ ಮಧ್ಯಾಹ್ನಕ್ಕೇ ಮುಗಿಸಿಕೊಳ್ಳಬಹುದಾದದ್ದನ್ನು ಕಳೆದ ಮೇಲೆ ಉಳಿಯುವುದಕ್ಕಷ್ಟೇ ಬೆಟ್ಟ ಕೊರೆಯುವ ಮಾತಾಡಬೇಕು. ಈ ಕಳೆಯುವ ಲೆಕ್ಕವನ್ನು ಮೊದಲು ಮಾಡದೆ ಕಾಡಿಗೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಹಳ್ಳಿಯ ಒಲೆ, ಗೋಬರ್ ಅನಿಲ, ಮಣ್ಣಿನ ಇಟ್ಟಿಗೆಗಳನ್ನು ಪ್ರಯೋಗಾಲಯದ ಪೂರ್ಣ ಗಾಂಭೀರ್ಯದಿಂದ ಅಳೆದು ನೋಡಿದ ಪರಂಪರೆ ಅದು. ಆ ಅಳತೆಯ ಕೆಲಸ ಇಲ್ಲಿಂದ ಮುಂದೆ ಸಾಗಬೇಕು, ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ: ಈ ರಜೆಯಲ್ಲಿ ಒಂದು ನೂಲಿನ ಮನೆ, ಒಂದು ಡೇರಿ, ಒಂದು ಹಾಸ್ಟೆಲಿನ ಅಡುಗೆಮನೆ ಆರಿಸಿಕೊಳ್ಳಿ. ಒಂದು ಉಷ್ಣಮಾಪಕ, ಒಂದು ಗಡಿಯಾರ, ಒಂದು ನೋಟುಬುಕ್ಕು ಸಾಕು. ಎಷ್ಟು ನೀರು ಯಾವ ಹೊತ್ತಿಗೆ ಎಷ್ಟು ಡಿಗ್ರಿಗೆ ಕಾಯುತ್ತದೆ, ಕೆಲಸ ಮುಗಿದ ಮೇಲೆ ಎಷ್ಟು ಬಿಸಿ ಇರುವಾಗಲೇ ಚರಂಡಿಗೆ ಹೋಗುತ್ತದೆ, ಏಳು ದಿನ ಬರೆದಿಡಿ. ಒಲೆಯ ಮುಂದೆ ಕೂತವರ ಹತ್ತಿರ ಕೂತು, ಅವರಿಗೆ ಬಿಸಿ ಯಾವ ಹೊತ್ತಿಗೆ ಬೇಕು ಎಂದು ಕೇಳಿ ಅದನ್ನೂ ಬರೆಯಿರಿ. ಆ ಪುಸ್ತಕ ತಂದುಕೊಡಿ, ತೊಟ್ಟಿಯ ನಕ್ಷೆಯನ್ನು ನಾವಿಬ್ಬರೂ ಕೂತು ಹಾಕೋಣ.